ಕನ್ನಡಕ ತೆಗಿ, ಕನ್ನಡಕ ಹಾಕ್ಕೋ

ನಮ್ಮ ಬ್ಯಾಚಿನವರಲ್ಲಿ ಯಾರನ್ನಾದರೂ ಕೇಳಿ ನೋಡಿ, ನನ್ನ ಹೆಸರಿಗಿಂತ ಮೊದಲು ಅವರಿಗೆ ನೆನಪಾಗುವುದು ನನ್ನ ಕನ್ನಡಕ. ಆಗ ಸೋಡಾ ಬುಡ್ಡಿ ಅಂತ ಕರೆದವರೇ ಈಗ ಮೊಬೈಲನ್ನು ಮಾರು ದೂರ ಹಿಡಿದು ಓದುತ್ತಾರೆ. ಲೆಕ್ಕ ಚುಕ್ತಾ ಆಯಿತು ಬಿಡಿ. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೂ ಹೊಳೆದದ್ದು ಅದೇ ಕನ್ನಡಕ.

ನಾನು ಮಂಡ್ಯಕ್ಕೆ ಬರುತ್ತಿದ್ದದ್ದು ಹಳ್ಳಿಯಿಂದ, ಬೆಳಗಿನ ಬಸ್ಸಿಗೆ. ಬಸ್ಸಿನ ಬೋರ್ಡು ಕಾಣುತ್ತಿರಲಿಲ್ಲ. ಗೆಳತಿಯರು ಹತ್ತಿದ್ದಕ್ಕೆ ನಾನೂ ಹತ್ತುತ್ತಿದ್ದೆ. ಎಲ್ಲರಿಗೂ ಹೀಗೇ ಕಾಣುತ್ತೆ ಅಂದುಕೊಂಡಿದ್ದೆ. ಮಂಜಾಗಿ ಕಾಣುವವಳಿಗೆ ಅದು ಮಂಜು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಹಿಂದಿನ ಬೆಂಚಿನಿಂದ ನೋಡಿದರೆ ಕರಿಹಲಗೆಯ ಮೇಲೆ ಒತ್ತಕ್ಷರಗಳೇ ಇರುತ್ತಿರಲಿಲ್ಲ. ಪ, ಷ, ಫ ಮೂರೂ ಒಂದೇ. ಕಣ್ಣು ಕಿರಿದು ಮಾಡಿದರೆ ಸ್ವಲ್ಪ ಬಿಡಿಬಿಡಿಯಾಗುತ್ತಿದ್ದವು. ಹಾಗೆ ನೋಡುತ್ತಾ ಕೂತಿದ್ದಾಗ ಒಬ್ಬ ಮೇಷ್ಟ್ರು, "ಏನಮ್ಮ, ನನ್ನನ್ನೇ ಗುರಾಯಿಸ್ತೀಯಾ?" ಅಂತ ಎಬ್ಬಿಸಿ ನಿಲ್ಲಿಸಿದ್ದರು.

ಕಂಡುಹಿಡಿದವರು ವಿಜ್ಞಾನದ ಮೇಡಂ. ನೋಟ್ಸ್ ತಿದ್ದುವಾಗ ಒತ್ತಕ್ಷರ ಮಾತ್ರ ತಪ್ಪುತ್ತಿರುವುದು ಅವರ ಗಮನಕ್ಕೆ ಬಂದಿತ್ತು. ಬೋರ್ಡಿನ ಮೇಲೆ ಒಂದು ಸಾಲು ಬರೆದು, ನನ್ನನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ಕರೆದರು. ನಾನು ಓದಲು ಶುರು ಮಾಡಿದಾಗ ಮೂಗು ಬೋರ್ಡಿಗೆ ತಾಗುವುದೊಂದೇ ಬಾಕಿ. ಅವರು ನಗಲಿಲ್ಲ. ಅಪ್ಪನಿಗೆ ಚೀಟಿ ಬರೆದುಕೊಟ್ಟರು.

ಅಪ್ಪ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ಅಕ್ಷರದ ಚಾರ್ಟು. ಮೇಲೆ ದಪ್ಪ, ಕೆಳಗೆ ಹೋದಂತೆ ಸಣ್ಣ. ಇಂಥ ಚಾರ್ಟಿಗೆ ಈಗಿನ ರೂಪ ಕೊಟ್ಟಿದ್ದು ನೆದರ್ಲೆಂಡ್ಸಿನ ಸ್ನೆಲೆನ್ ಎಂಬ ಕಣ್ಣಿನ ಡಾಕ್ಟರು, 1862ರಲ್ಲಿ. ನನಗೆ ಅವರ ಮೇಲೆ ಆವತ್ತು ಏನೂ ಪ್ರೀತಿ ಹುಟ್ಟಲಿಲ್ಲ. ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗ್ಲಾಸು ಇಳಿಬಿಟ್ಟು, "ಇದು ಚೆನ್ನಾಗಿದೆಯಾ, ಇದಾ?" ಅಂತ ಕೇಳುತ್ತಿದ್ದರು. ಎರಡೂ ಒಂದೇ ಥರ ಅನ್ನಿಸಿದರೂ ಒಂದನ್ನು ಹೇಳಬೇಕಲ್ಲ ಅಂತ ಹೇಳಿದ್ದೂ ಉಂಟು. ಕೊನೆಗೆ ಮೈನಸ್ ನಾಲ್ಕು.

ಕನ್ನಡಕ ಹಾಕಿಕೊಂಡು ಮನೆಗೆ ಬಂದಾಗ ನಾನು ಮೊದಲು ಕಂಡದ್ದು ಅಡುಗೆಮನೆ ಮೂಲೆಯ ಜೇಡರ ಬಲೆ. "ಅವ್ವ, ನಮ್ಮನೆ ಇಷ್ಟು ಗಲೀಜಾ?" ಅಂದೆ. ಅವ್ವ ಆವತ್ತೆಲ್ಲ ಮಾತಾಡಲಿಲ್ಲ. ಗದ್ದೆ ಕಡೆ ಹೋದರೆ ಕಬ್ಬಿನ ಸೂಲಂಗಿ ಒಂದೊಂದೂ ಬೇರೆ ಬೇರೆಯಾಗಿ ಗಾಳಿಗೆ ಆಡುತ್ತಿತ್ತು. ಅಲ್ಲಿಯವರೆಗೆ ಅದು ನನಗೆ ಬರೀ ಬೆಳ್ಳನೆಯ ಹೊಗೆ.

ಆದರೆ ಮನೆಯಲ್ಲಿ ಚಿಂತೆ ಬೇರೆಯದೇ ಇತ್ತು. "ಹೆಣ್ಮಗೀಗೆ ಕನ್ನಡ್ಕ ಹಾಕುಸ್ಬುಟ್ರೆ ಯಾರವ್ವ ಮಾಡ್ಕಂಡಾರು?" ಅಂತ ಅಜ್ಜಿ ಹಣೆ ಚಚ್ಚಿಕೊಂಡಿತು. ರಾತ್ರಿ ಓದಿ ಓದಿ ಹೀಗಾಯಿತು ಅಂತ ಬೈಗುಳ ಬೇರೆ. ನೆಂಟರು ಬಂದರೆ ಕನ್ನಡಕ ಗೋಡೆಯ ಗೂಡಿಗೆ. ಹಬ್ಬಕ್ಕೆ, ಜಾತ್ರೆಗೆ, ಯಾರದಾದರೂ ಮದುವೆಗೆ ಹೋದರೂ "ತೆಗಿ ಅದ್ನ". ಬಿಸಿ ಮುದ್ದೆಯ ಹಬೆ ಗ್ಲಾಸಿಗೆ ಹತ್ತಿದರೆ ಮಾತ್ರ ನಾನಾಗಿ ತೆಗೆಯುತ್ತಿದ್ದೆ.

ಶಾಲೆಯ ಹಾಲಿನಲ್ಲಿ ಗಾಂಧೀಜಿ, ಅಂಬೇಡ್ಕರ್, ವಿಶ್ವೇಶ್ವರಯ್ಯ ಮೂವರ ಫೋಟೋ ಸಾಲಾಗಿ ಇದ್ದವು. ಮೂವರಿಗೂ ಕನ್ನಡಕ. ವಿಶ್ವೇಶ್ವರಯ್ಯನವರಂತೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದೇವರ ಪಕ್ಕದಲ್ಲೇ ಇರುತ್ತಾರೆ. ನಾಲೆಯಲ್ಲಿ ನೀರು ಹರಿದದ್ದು ಅವರಿಂದ ಅಂತ. ನಮ್ಮ ಮನೆಯಲ್ಲೂ ಇದ್ದರು. ಅಜ್ಜಿ ಆ ಪೇಟಕ್ಕೂ ಕನ್ನಡಕಕ್ಕೂ ಸೇರಿಸಿ ದಿನಾ ಕೈಮುಗಿಯುತ್ತಿತ್ತು. ಆಮೇಲೆ ಈ ಕಡೆ ತಿರುಗಿ ನನಗೆ "ತೆಗಿ" ಅನ್ನುತ್ತಿತ್ತು. ಗಂಡಸಿನ ಮೂಗಿನ ಮೇಲೆ ಕೂತರೆ ವಿದ್ಯೆ, ನನ್ನ ಮೂಗಿನ ಮೇಲೆ ಕೂತರೆ ಊನ. ಇದು ನನಗೆ ಆಗಲೇ ಅರ್ಥವಾಗಿತ್ತು. ಹೇಳುವ ಧೈರ್ಯ ಇರಲಿಲ್ಲ ಅಷ್ಟೇ.

ಬೆಳಕಿನ ಪಾಠ ಬಂದ ದಿನ ಮೇಡಂ ನಮ್ಮನ್ನೆಲ್ಲ ಮಧ್ಯಾಹ್ನದ ಬಿಸಿಲಿಗೆ ಕರೆದುಕೊಂಡು ಹೋದರು. ಅವರದು ಚಾಳೀಸು, ಪ್ಲಸ್ ಎರಡು. ನೆಲದಲ್ಲಿ ಒಂದು ಕಾಗದ ಹಾಸಿ ತಮ್ಮ ಕನ್ನಡಕ ಹಿಡಿದರು. ಮೇಲೆ ಕೆಳಗೆ ಮಾಡುತ್ತಾ ಅರ್ಧ ಮೀಟರಿಗೆ ಬಂದಾಗ ಬಿಸಿಲು ಒಂದು ಚುಕ್ಕೆಯಾಗಿ ಸೇರಿತು. ಬೆರಳಿಟ್ಟವಳೊಬ್ಬಳು "ಅಯ್ಯಪ್ಪಾ" ಅಂತ ಕೈ ಎಳೆದುಕೊಂಡಳು. ಆಮೇಲೆ, "ನಿಂದು ಕೊಡ್ತೀಯಾ?" ಅಂತ ನನ್ನನ್ನು ಕೇಳಿದರು. ನನ್ನದರಲ್ಲಿ ಚುಕ್ಕೆ ಬೀಳಲೇ ಇಲ್ಲ. ನಡುವೆ ಮಂಕಾದ ನೆರಳು, ಸುತ್ತ ಬೆಳಕಿನ ಅಂಚು. ಅದು ಬೆಳಕನ್ನು ಹರಡುವ ಗ್ಲಾಸು. ನನ್ನ ಕಣ್ಣುಗುಡ್ಡೆ ಕೊಂಚ ಉದ್ದ, ಹಾಗಾಗಿ ದೂರದ ಬಿಂಬ ಪರದೆಗಿಂತ ಮುಂಚೆಯೇ ಬಿದ್ದುಬಿಡುತ್ತೆ, ಅದನ್ನು ಹಿಂದಕ್ಕೆ ತಳ್ಳಲು ಈ ಮೈನಸ್ ಗ್ಲಾಸು ಅಂದರು. ನಾಲ್ಕು ಅಂದರೆ ಕಾಲು ಮೀಟರ್. ಅಷ್ಟು ದೂರದವರೆಗೆ ನನಗೆ ಕನ್ನಡಕವೇ ಬೇಡ, ಆಚೆಯದೆಲ್ಲ ಮಸುಕು. ನಾನು ಅಲ್ಲೇ ಕನ್ನಡಕವಿಲ್ಲದೆ ಒಂದಡಿಯ ಸ್ಕೇಲನ್ನು ಕಣ್ಣಿನ ಪಕ್ಕದಿಂದ ಹಿಡಿದು ನೋಡಿದೆ. ಇಪ್ಪತ್ತೈದು ದಾಟಿದ ಮೇಲೆ ಅಂಕಿಗಳು ನಿಜವಾಗಲೂ ಮಾಸಿದ್ದವು! ಅಜ್ಜಿಯ ಬೈಗುಳಕ್ಕೆ ಕೊನೆಗೂ ಒಂದು ಅಳತೆ ಸಿಕ್ಕಿತು. ಆವತ್ತು ನನ್ನ ಕನ್ನಡಕ ಇಡೀ ಕ್ಲಾಸಿನ ಮೂಗು ಸುತ್ತಿತು. ಸೋಡಾ ಬುಡ್ಡಿ ಅಂದವನು ಹಾಕಿಕೊಂಡು ಎರಡು ಹೆಜ್ಜೆ ನಡೆದು ತಲೆಸುತ್ತು ಅಂತ ಕೂತ.

ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ದಿನ ಫೋಟೋದವರು, "ಕನ್ನಡಕ ತೆಗೀಮ್ಮ, ಗ್ಲಾಸ್ ಹೊಳೀತದೆ" ಅಂದರು. ನಾನು ಅಭ್ಯಾಸಬಲದಿಂದ ತೆಗೆಯಲು ಹೋದೆ. ಮೇಡಂ ಕುರ್ಚಿಯಿಂದಲೇ ತಿರುಗಿ, "ಹಾಕ್ಕೋ. ತಲೆ ಸ್ವಲ್ಪ ಬಗ್ಗಿಸಿದ್ರೆ ಆಯ್ತು" ಅಂದರು. ಹಾಗಾಗಿ ಆ ಫೋಟೋದಲ್ಲಿ ನಾನು ಮುನಿಸಿಕೊಂಡವಳ ಹಾಗಿದ್ದೇನೆ. ಆದರೂ ನಾನು ನಾನೇ ಆಗಿರುವ ಫೋಟೋ ಅದು. ಮನೆಯ ಆಲ್ಬಮ್ಮಿನಲ್ಲಿ ಇರುವುದೆಲ್ಲ ಕ್ಯಾಮೆರಾ ಎಲ್ಲಿದೆ ಅಂತ ಗೊತ್ತಾಗದೆ ಎಲ್ಲೋ ನೋಡುತ್ತಿರುವ ಹುಡುಗಿ.

ಹೆಣ್ಣು ನೋಡಲು ಬಂದಾಗಲೂ ಕನ್ನಡಕ ಗೂಡಿಗೇ ಹೋಯಿತು. ಕಾಫಿ ತಟ್ಟೆ ಹಿಡಿದು ಹೋದೆ. ಗಂಡು ಒಂದು ಬಿಳಿ ಶರ್ಟು, ಅಷ್ಟೇ. ಅವರು ನನ್ನನ್ನು ನೋಡಿ ಒಪ್ಪಿದರಂತೆ. ನಾನು ಶರ್ಟನ್ನು ಹೇಗೆ ಒಪ್ಪುವುದು? ಇನ್ನೊಂದು ಸಲ ಬರಲಿ ಅಂತ ಹಟ ಹಿಡಿದು, ಆ ಸಲ ಕನ್ನಡಕ ಹಾಕಿಕೊಂಡೇ ಹೊರಗೆ ಬಂದೆ. ಅವ್ವನ ಮುಖ ಬಿಳುಪೇರಿದ್ದು ಆಗ ಚೆನ್ನಾಗಿ ಕಂಡಿತು. ಅವರ ಜೇಬಿನಲ್ಲೂ ಒಂದು ಕನ್ನಡಕ ಇತ್ತು ಅನ್ನುವುದು ಮದುವೆಯಾದ ಮೇಲೆ ತಿಳಿಯಿತು!

ಈಗ ನನಗೂ ಚಾಳೀಸು. ಪೇಪರ್ ಓದಲು ಕನ್ನಡಕ ತೆಗೆಯುತ್ತೇನೆ, ಟೀವಿಗೆ ಹಾಕುತ್ತೇನೆ. ಮಗಳಿಗೆ ಹೋದ ವರ್ಷ ಪವರ್ ಬಂತು. ಕೆಂಪು ಫ್ರೇಮನ್ನು ಅವಳೇ ಆರಿಸಿ, ಅಂಗಡಿಯ ಕನ್ನಡಿ ಮುಂದೆಯೇ ಸೆಲ್ಫಿ ತೆಗೆದುಕೊಂಡಳು. ಊರಿಗೆ ಹೋದಾಗ ಅವ್ವ ಅವಳನ್ನು ಹತ್ತಿರ ಕರೆದು, ಫ್ರೇಮನ್ನು ಮುಟ್ಟಿ ಮುಟ್ಟಿ ನೋಡಿತು.

"ಚೆಂದಾಗೈತೆ ಕಣವ್ವ," ಅಂತು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ, "ಮದ್ವೆ ಹೊತ್ಗೆ ಅದೇನೋ ಲೇಸರ್ರಂತಲ್ಲ, ಅದ್ನ ಮಾಡುಸ್ಬುಡಿ."