ನಿವೃತ್ತಿ ಆಗಿದೆ ಅಂತ ಅವರಿಗೆ ಯಾಕೆ ಹೇಳಲ್ಲ?

ಮನೆಗೆ ಬಂದವರು ನನ್ನನ್ನು ಪಕ್ಕಕ್ಕೆ ಕರೆದು ಇದೊಂದು ಪ್ರಶ್ನೆ ಕೇಳುತ್ತಾರೆ. ಮೈದುನ ಅಂತೂ ಬಂದಾಗಲೆಲ್ಲ ಕೇಳುತ್ತಾನೆ. "ವೈನಿ, ಅಣ್ಣಗ ರಿಟೈರ್ ಆಗ್ಯದ ಅಂತ ಯಾಕ ಹೇಳಂಗಿಲ್ಲ? ಹಿಂಗ ಸುಳ್ಳು ಹೇಳಿದ್ರ ಮರೆವು ಇನ್ನೂ ಜಾಸ್ತಿ ಆಗಂಗಿಲ್ಲೇನು?"

ನಮ್ಮವರು ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದವರು. 1985ರಲ್ಲಿ ಮೊದಲ ಯೂನಿಟ್ ಶುರುವಾದ ಕಾಲದಿಂದ ಶಿಫ್ಟ್ ಡ್ಯೂಟಿ. ನಿವೃತ್ತಿ ಆದ ಮೇಲೆ ರಾಯಚೂರಲ್ಲೇ ಮನೆ ಮಾಡಿದೆವು. ಈಗ ಅವರಿಗೆ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ. ಹೊತ್ತು ಮುಳುಗುತ್ತಿದ್ದಂತೆ ನೈಟ್ ಶಿಫ್ಟ್ ನೆನಪಾಗುತ್ತದೆ. ಅಂಗಿ ತೊಡುತ್ತಾರೆ, ಗುಂಡಿಗಳು ಮೇಲೆ ಕೆಳಗೆ ಆಗಿರುತ್ತವೆ. ಮಂಚದ ಕೆಳಗೆ ಬಗ್ಗಿ ಬೂಟು ಹುಡುಕುತ್ತಾರೆ. "ಬಸ್ಸು ಹೋಗ್ತದ, ಡಬ್ಬಿ ಕಟ್ಟೀಯೇನು?" ಅಂತ ಗದರುತ್ತಾರೆ. "ಇವತ್ತು ನಿಮ್ದು ವೀಕ್ಲಿ ಆಫ್ ಅದ ರೀ. ಬರ್ರಿ, ಉಣ್ಣೋಣು" ಅನ್ನುತ್ತೇನೆ. ಆಫ್ ಅಂದ ಕೂಡಲೇ ಭುಜ ಇಳಿಯುತ್ತದೆ. ತಾವೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾರೆ.

ನಿಜ ಹೇಳಿದರೆ ಅದು ಅವರಿಗೆ ಹಳೆಯ ಸುದ್ದಿ ಅಲ್ಲ, ಆಗಲೇ ಕೆಲಸ ಕಳಕೊಂಡ ಸುದ್ದಿ. ಅವ್ವ ಎಲ್ಲಿ ಅಂತಲೂ ಕೇಳುತ್ತಾರೆ. ತೀರಿಕೊಂಡರು ಅಂದರೆ ಅಳುತ್ತಾರೆ. ತಾಸು ಬಿಟ್ಟು ಮತ್ತೆ ಕೇಳುತ್ತಾರೆ. ಒಬ್ಬ ಮಗನಿಗೆ ಅವ್ವನ ಸಾವನ್ನು ಎಷ್ಟು ಸಲ ತಿಳಿಸುವುದು, ಹೇಳಿ? ಅದಕ್ಕೆ ನಾನೇ ಅವ್ವನ ಮಾತು ತೆಗೆಯುತ್ತೇನೆ. ಅವರು ಮಾಡುತ್ತಿದ್ದ ಪುಂಡಿ ಪಲ್ಲೆ, ಹಬ್ಬಕ್ಕೆ ಉಡುತ್ತಿದ್ದ ಇಳಕಲ್ ಸೀರೆ. ಇವರಿಗೆ ಆಗ ಬೇಕಾಗಿದ್ದೂ ಅದೇ.

ಇದರಿಂದ ಮರೆವು ಜಾಸ್ತಿ ಆಗುವುದಿಲ್ಲ. ಹೊಸ ನೆನಪು ಮೂಡಲು ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗಕ್ಕೆ ಈ ಕಾಯಿಲೆ ಮೊದಮೊದಲೇ ಪೆಟ್ಟು ಕೊಡುತ್ತದೆ. ಹಾಗಾಗಿ ಇವತ್ತು ತಿದ್ದಿದ್ದು ನಾಳೆಗೆ ಉಳಿಯುವುದಿಲ್ಲ. ಆದರೆ ನಡೆದದ್ದು ಮರೆತರೂ ಅದರಿಂದ ಆದ ಸಂಕಟ ಆಮೇಲೂ ಇರುತ್ತದೆ. ಸಂಶೋಧಕರೂ ಇದನ್ನು ಕಂಡಿದ್ದಾರೆ. ನಾನಂತೂ ದಿನಾ ನೋಡುತ್ತೇನೆ. ಸಂಜೆ ವಾದ ಆದರೆ ಆ ರಾತ್ರಿ ನಿದ್ದೆ ಇಲ್ಲ.

ಹಾಗಂತ ಎಲ್ಲದಕ್ಕೂ ಹೂಂ ಅನ್ನುವುದಿಲ್ಲ. ಗ್ಯಾಸ್, ಗಾಡಿ, ದುಡ್ಡು, ಮಾತ್ರೆ, ಇವುಗಳಲ್ಲಿ ನಾನು ಜಗ್ಗಲ್ಲ. ಅಲ್ಲೂ ವಾದಕ್ಕಿಳಿಯದೆ ಸುಮ್ನೆ ರೆಗ್ಯುಲೇಟರ್ ಬಂದ್ ಮಾಡುತ್ತೇನೆ, ಗಾಡಿ ಕೀಲಿ ಕಣ್ಣಿಗೆ ಬೀಳದ ಕಡೆ ಇಡುತ್ತೇನೆ. ಅಂಗಿ ಜೇಬಲ್ಲಿ ಯಾವಾಗಲೂ ನನ್ನ ಫೋನ್ ನಂಬರಿನ ಚೀಟಿ ಇರುತ್ತದೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಮರೆವು ಶುರುವಾಗಿದ್ದರೆ, ಅರವತ್ತಕ್ಕೆ ಅರಳು ಮರಳು ಅಂತ ಬಿಟ್ಟುಬಿಡಬೇಡಿ. ಬಿ12 ಕೊರತೆಯಿಂದ, ಥೈರಾಯ್ಡ್‌ನಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆ ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಮಾಡುತ್ತದೆ, ವಾಸಿ ಮಾಡುವುದಿಲ್ಲ. ಒಂದೆರಡು ದಿನದಲ್ಲೇ ಒಮ್ಮೆಲೇ ಗೊಂದಲ ಹೆಚ್ಚಾದರೆ ಕೂಡಲೇ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು ಇರಬಹುದು, ನೀರು ಸಾಲದೆ ಇರಬಹುದು. ನಮ್ಮ ಊರಿನ ಬೇಸಿಗೆ ಗೊತ್ತಲ್ವಾ? ಬಾಯಾರಿಕೆ ಆದರೂ ಇವರಿಗೆ ಹೇಳಲು ತಿಳಿಯದು. ಅದಕ್ಕೆ ಕೇಳದೇ ಮಜ್ಜಿಗೆ ಕೈಗೆ ಕೊಡುತ್ತೇನೆ. ಇನ್ನು ನೋಡಿಕೊಳ್ಳುವವರಿಗೇ ತಡೆಯಲಾಗದಷ್ಟು ಆದಾಗ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಮ್ಮ ಮನೆಗೆ ಬರುವವರಲ್ಲಿ ಒಂದು ಕೇಳಿಕೊಳ್ಳುತ್ತೇನೆ. "ನಾನ್ಯಾರು ಹೇಳ್ರಿ ನೋಡೋಣು" ಅಂತ ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರು ನೀವೇ ಹೇಳಿ, ಪಕ್ಕದಲ್ಲಿ ಕೂತುಕೊಳ್ಳಿ. ಬಾಯ್ಲರ್ ಬಗ್ಗೆ ಕೇಳಿ. ಮಳೆಗಾಲದಲ್ಲಿ ಕಲ್ಲಿದ್ದಲು ತೊಯ್ದರೆ ಎಷ್ಟು ಕಷ್ಟ ಅಂತ ಇವತ್ತಿಗೂ ಖುಷಿಯಿಂದ ಹೇಳುತ್ತಾರೆ. ನೀವು ಅದನ್ನು ಕೇಳುತ್ತಾ ಕೂತರೆ ನಾನು ಅಷ್ಟರಲ್ಲಿ ಬಜಾರಿಗೆ ಹೋಗಿ ಬರುತ್ತೇನೆ.