ಮಡಿಕೇರಿಯಿಂದ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಆರು ತಿಂಗಳು: ಡಿಟಿವಿ ವೀಸಾದಲ್ಲಿ ಹೊರಡುವವರಿಗೆ

ಸಿದ್ದಾಪುರದಲ್ಲೋ ಗೋಣಿಕೊಪ್ಪದಲ್ಲೋ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಈಗ ಕೊಡಗಿನಲ್ಲಿ ಅಪರೂಪವೇನಲ್ಲ. ಅದೇ ಕೆಲಸವನ್ನು ವಿದೇಶದಲ್ಲಿ ಕೂತು ಮಾಡುವ ಯೋಚನೆ ಬಂದಾಗ ಮೊದಲು ಕೇಳಿಬರುವುದು ಯುರೋಪಿನ ಹೆಸರುಗಳು. ದೂರದಿಂದ ಕೆಲಸ ಮಾಡುವವರಿಗೆ ಪೋರ್ಚುಗಲ್ ಕೊಡುವ ಡಿ8 ವೀಸಾಕ್ಕೆ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕು. 2025ರಲ್ಲಿ ಅದು ತಿಂಗಳಿಗೆ 3,480 ಯೂರೋ ಇತ್ತು. ಸ್ಪೇನ್ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದ ಇಲ್ಲದ ಕಾರಣ ಭಾರತೀಯ ಕಂಪನಿಯ ಸಂಬಳದಾರರ ಅರ್ಜಿ ಸಾಮಾಜಿಕ ಭದ್ರತೆಯ ಪ್ರಮಾಣಪತ್ರ ಎಂಬ ಒಂದು ಕಾಗದಕ್ಕೇ ಸಿಕ್ಕಿಕೊಳ್ಳುತ್ತದೆ. ಅಲ್ಲೇ ನೆಲೆಯೂರುವ ಮನಸ್ಸಿದ್ದವರು ಇಷ್ಟೆಲ್ಲ ಒದ್ದಾಡಬಹುದು. ತೋಟ, ಅಪ್ಪ-ಅಮ್ಮ, ಕೊಯ್ಲು ಎಲ್ಲ ಇಲ್ಲೇ ಇರುವವರಿಗೆ ಬೇಕಾದದ್ದು ಹೋಗಿ ಬರುವ ವೀಸಾ. ಅದಕ್ಕೆ ಥಾಯ್ಲೆಂಡಿನ ಡಿಟಿವಿ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ) ಸರಿಹೊಂದುತ್ತದೆ.

2024ರ ಜುಲೈನಲ್ಲಿ ಶುರುವಾದ ಈ ವೀಸಾದ ಅವಧಿ 5 ವರ್ಷ. ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು, ಪ್ರತಿ ಪ್ರವೇಶಕ್ಕೆ 180 ದಿನ. ಶುಲ್ಕ 10,000 ಬಾತ್, ಇಲ್ಲಿ ರೂಪಾಯಿಯಲ್ಲಿ ಕಟ್ಟಬೇಕು. ಅರ್ಜಿ ತಿರಸ್ಕೃತವಾದರೆ ವಾಪಸ್ ಬರುವುದಿಲ್ಲ. ಅರ್ಜಿದಾರರಿಗೆ 20 ವರ್ಷ ತುಂಬಿರಬೇಕು. ಗಂಡ ಅಥವಾ ಹೆಂಡತಿ, 20 ವರ್ಷದೊಳಗಿನ ಮಕ್ಕಳು ಅವಲಂಬಿತರಾಗಿ ಪ್ರತ್ಯೇಕ ಅರ್ಜಿ ಹಾಕಬಹುದು. ಅರ್ಜಿ ಹಾಕುವುದು ಥಾಯ್ ಸರ್ಕಾರದ ಇ-ವೀಸಾ ಜಾಲತಾಣದಲ್ಲೇ ಆಗುತ್ತದೆ, ಏಜೆಂಟರ ಅಗತ್ಯವಿಲ್ಲ. ಫಾರಂ ತುಂಬುವುದು ಒಂದು ಗಂಟೆಯ ಕೆಲಸ. ಅರ್ಜಿ ಕೆಡುವುದು ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕಂಪನಿಯ ಪತ್ರ, ಈ ಎರಡರಿಂದ.

ಖಾತೆಯಲ್ಲಿ 5 ಲಕ್ಷ ಬಾತ್‌ಗೆ ಸಮನಾದ ಹಣ ಇರಬೇಕು. ಬಾತ್‌ಗೆ 2.7 ರೂಪಾಯಿ ಹಿಡಿದರೆ 13.5 ಲಕ್ಷ. ದರ ಏರಿಳಿಯುವುದರಿಂದ ಒಂದೆರಡು ಲಕ್ಷ ಹೆಚ್ಚಿಗೇ ಇಡಿ, ಅದೂ ಮೂರು ತಿಂಗಳು ಅಲುಗಾಡದೆ ಇರಲಿ. ನಮ್ಮ ಕಡೆಯವರು ಎಡವುವುದು ಇಲ್ಲಿ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಮಾರಿದ ದುಡ್ಡು ಒಮ್ಮೆಗೇ ಖಾತೆಗೆ ಬಿದ್ದರೆ, ಅರ್ಜಿಗಾಗಿ ಯಾರಿಂದಲೋ ತಂದು ಹಾಕಿದ ಹಣದಂತೆ ಕಾಣುತ್ತದೆ. ಕ್ಯೂರಿಂಗ್ ವರ್ಕ್ಸ್‌ನ ಅಥವಾ ವ್ಯಾಪಾರಿಯ ಬಿಲ್ ಜೊತೆಗಿಡಿ. ಆದರೂ ಹಣ ಮೂರು ತಿಂಗಳು ಕೂತ ಮೇಲೆ ಅರ್ಜಿ ಹಾಕುವುದೇ ಜಾಣತನ. ಸಹಕಾರ ಸಂಘದ ಠೇವಣಿ, ಎಫ್‌ಡಿ ರಸೀದಿಗಳನ್ನು ನಂಬಿ ಕೂರಬೇಡಿ, ಹಣ ಉಳಿತಾಯ ಖಾತೆಯಲ್ಲಿ ನಿಮ್ಮ ಹೆಸರಲ್ಲೇ ಇರಲಿ. ಕೊಡಗಿನ ಪಾರಂಪರಿಕ ಹಿಡುವಳಿಯಾದ ಜಮ್ಮಾ ಬಾಣೆಯ ಆರ್‌ಟಿಸಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪಟ್ಟೆದಾರರ ಹೆಸರಿನಲ್ಲಿರುವ, ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ಜಮೀನನ್ನು ಕಾನ್ಸುಲೇಟಿನವರಿಗೆ ವಿವರಿಸಿ ಹೇಳುವ ಸಾಹಸವೂ ಬೇಡ.

ಇನ್ನು ಕಂಪನಿಯ ಪತ್ರ. ‘ಇವರು ನಮ್ಮ ಉದ್ಯೋಗಿ’ ಎಂಬ ಎರಡು ಸಾಲು ಸಾಲದು. ಹುದ್ದೆ, ಸೇರಿದ ದಿನಾಂಕ, ಸಂಬಳ, ಮತ್ತು ಮುಖ್ಯವಾಗಿ ಭಾರತದ ಹೊರಗಿನಿಂದ ಕೆಲಸ ಮಾಡಲು ಅನುಮತಿ ಇದೆ ಎಂಬ ಮಾತು ಅದರಲ್ಲಿರಬೇಕು. ಸಹಿ ಹಾಕಿದವರ ಹೆಸರು, ಹುದ್ದೆ, ಕಂಪನಿಯ ನೋಂದಣಿ ಪತ್ರ ಕೇಳುವುದುಂಟು. ವರ್ಕ್ ಫ್ರಮ್ ಹೋಮ್ ಕೊಟ್ಟ ಕಂಪನಿಯೂ ಈ ಒಂದು ಸಾಲಿಗೆ ಹಿಂಜರಿಯುತ್ತದೆ. ಗ್ರಾಹಕರ ದತ್ತಾಂಶ ದೇಶದಿಂದಾಚೆ ತೆರೆದುಕೊಳ್ಳುತ್ತದೆ, ಅಲ್ಲಿ ತೆರಿಗೆ ಹೊಣೆ ಹುಟ್ಟಬಹುದು ಎಂಬ ಅಳುಕು ಅವರದು. ಆದ್ದರಿಂದ ಎಚ್‌ಆರ್ ಬಳಿ ಮಾತು ಮೊದಲು, ಹಣ ಕೂಡಿಸುವುದು ನಂತರ. ಫ್ರೀಲಾನ್ಸ್ ಮಾಡುವವರು ಒಪ್ಪಂದಗಳು, ಇನ್‌ವಾಯ್ಸ್‌ಗಳು, ಅವಕ್ಕೆ ಹೊಂದುವ ಬ್ಯಾಂಕ್ ಜಮೆಗಳು ಮತ್ತು ಮಾಡಿದ ಕೆಲಸದ ಪೋರ್ಟ್‌ಫೋಲಿಯೋ ಕೊಡಬಹುದು.

ಹೆಸರಿನ ತೊಡಕು ಕೊಡಗಿನವರಿಗೆ ಸ್ವಲ್ಪ ಜಾಸ್ತಿಯೇ. ಅಂಕಪಟ್ಟಿಯಲ್ಲಿ ಮನೆಹೆಸರು, ತಂದೆ ಹೆಸರು ಎರಡೂ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಮನೆಹೆಸರು ಪೂರ್ತಿ, ಬ್ಯಾಂಕಿನಲ್ಲಿ ಹಿಂದುಮುಂದು. ಫಾರಂನಲ್ಲಿ ಪಾಸ್‌ಪೋರ್ಟಿನಂತೆಯೇ ಬರೆಯಿರಿ, ಕಂಪನಿಯ ಪತ್ರವನ್ನೂ ಅದೇ ಹೆಸರಿನಲ್ಲಿ ಕೇಳಿ, ಬ್ಯಾಂಕಿನ ಹೆಸರನ್ನು ಮೊದಲೇ ತಿದ್ದಿಸಿ. ಆಗದಿದ್ದರೆ ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂದು ನೋಟರಿ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಈಗ ಇರುವ ಜಾಗದ ಪುರಾವೆಗೆ ಕರೆಂಟ್ ಬಿಲ್ ಕೊಡಹೋದರೆ ಅದು ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ. ಪಾಸ್‌ಪೋರ್ಟ್ ವಿಳಾಸದ ಪುಟ ಅಥವಾ ಆಧಾರ್ ಒಳ್ಳೆಯದು.

ಅರ್ಜಿ ಹಾಕುವಾಗ ಥಾಯ್ಲೆಂಡಿನ ಹೊರಗಿರಬೇಕು. ಹೆಚ್ಚುವರಿ ದಾಖಲೆ ಬೇಕೆಂದು ಇ-ಮೇಲ್ ಬಂದರೆ ಬೇಗ ಉತ್ತರಿಸಬೇಕು. ಜುಲೈನಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದೆ, ಟವರಿನ ಬ್ಯಾಟರಿಯೂ ಸತ್ತು ಕೂತಾಗ ಅಂಥ ಮೇಲ್ ಬಂದರೆ ಕಷ್ಟ. ಮಳೆಗಾಲದಲ್ಲಿ ಅರ್ಜಿ ಹಾಕುವುದೇ ಆದರೆ ಮೈಸೂರಿನಲ್ಲಿ ನೆಂಟರ ಮನೆಯಲ್ಲಿದ್ದು ಹಾಕಿ.

ಯಾವಾಗ ಹೋಗಬೇಕು ಎಂಬುದರಲ್ಲಿ ತೆರಿಗೆಯ ಲೆಕ್ಕ ಅಡಗಿದೆ. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಥಾಯ್ಲೆಂಡಿನಲ್ಲಿದ್ದರೆ ಅಲ್ಲಿನ ತೆರಿಗೆ ನಿವಾಸಿ ಆಗುತ್ತೀರಿ. 2024ರಿಂದೀಚೆಗೆ ಗಳಿಸಿದ ಹೊರದೇಶದ ಆದಾಯವನ್ನು ಅಲ್ಲಿಗೆ ತಂದಷ್ಟಕ್ಕೆ ತೆರಿಗೆ ಬೀಳಬಹುದು. ಭಾರತ ಎಣಿಸುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಆ ಅವಧಿಯಲ್ಲಿ 182 ದಿನ ಇಲ್ಲಿದ್ದರೆ ನೀವು ಇಲ್ಲಿಯ ನಿವಾಸಿ. ಕಾಫಿ, ಮೆಣಸು ಕೊಯ್ಲು ಮುಗಿಸಿ ಏಪ್ರಿಲ್ 10ಕ್ಕೆ ಇಳಿದರೆ ಅಕ್ಟೋಬರ್ 6 ನೂರಾ ಎಂಬತ್ತನೇ ದಿನ. 5ರೊಳಗೆ ಹೊರಟುಬಿಟ್ಟರೆ ಅಲ್ಲಿಯ ತೆರಿಗೆ ನಿವಾಸಿ ಆಗುವುದಿಲ್ಲ, ಇಲ್ಲಿಯ ನಿವಾಸಿ ಸ್ಥಾನವೂ ಹಾಗೇ ಉಳಿಯುತ್ತದೆ, ಕಾವೇರಿ ಸಂಕ್ರಮಣಕ್ಕೂ ಮನೆಯಲ್ಲಿರುತ್ತೀರಿ. ಅಕ್ಟೋಬರ್ 1ರಿಂದ ಮಾರ್ಚ್ 29ರವರೆಗೆ ಹೋಗುವವರಿಗೆ ಮೊದಲ ಸಲ ತೊಂದರೆಯಿಲ್ಲ. ಅದೇ ದಿನಾಂಕಗಳಲ್ಲಿ ಮರುವರ್ಷವೂ ಹೋದರೆ ಹಿಂದಿನ 88 ದಿನಕ್ಕೆ ಹೊಸ 92 ಸೇರಿ ಸರಿಯಾಗಿ 180 ಆಗಿಬಿಡುತ್ತದೆ! ಎರಡನೇ ಸಲ ಇಲ್ಲಿಂದ ಒಂದು ವಾರ ತಡವಾಗಿ ಹೊರಟರೆ ಸಾಕು. ಇಳಿದ ದಿನ, ಹೊರಟ ದಿನ ಎರಡನ್ನೂ ಎಣಿಕೆಗೆ ಹಿಡಿಯಿರಿ.

ಹವೆಯ ದೃಷ್ಟಿಯಿಂದಲೂ ಏಪ್ರಿಲ್ ಮಧ್ಯದ ನಂತರವೇ ವಾಸಿ. ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಚಿಯಾಂಗ್ ಮಾಯ್ ಸುತ್ತ ಗದ್ದೆ, ಕಾಡಿಗೆ ಇಡುವ ಬೆಂಕಿಯ ಹೊಗೆ ಕಣಿವೆಯಲ್ಲಿ ಕೂತುಬಿಡುತ್ತದೆ. ಉಬ್ಬಸ ಇರುವವರು ಆ ತಿಂಗಳುಗಳಲ್ಲಿ ಅಲ್ಲಿ ಇರಲೇಬಾರದು. ಅಲ್ಲಿನ ಮಳೆಗಾಲ ಭಾಗಮಂಡಲದವರಿಗೆ ಮಳೆಗಾಲ ಅನ್ನಿಸುವುದೂ ಅನುಮಾನ. ಏಪ್ರಿಲ್ 13ರಿಂದ 15 ಸೋಂಕ್ರಾನ್ ರಜೆ, ಕಚೇರಿಗಳು ಮುಚ್ಚಿರುತ್ತವೆ. ಮನೆ ಹುಡುಕಾಟ ಅದಕ್ಕೆ ಮೊದಲು ಅಥವಾ ಆಮೇಲೆ.

ಪ್ರಯಾಣಕ್ಕೆ ಬೆಂಗಳೂರೇ ಸರಿ, ಬ್ಯಾಂಕಾಕ್‌ಗೆ ನೇರ ವಿಮಾನ ಇದೆ. ವಿರಾಜಪೇಟೆಯವರಿಗೆ ಕಣ್ಣೂರು ಹತ್ತಿರ ನಿಜ, ಆದರೆ ಅಲ್ಲಿಂದ ಹಾರುವ ಅಂತರರಾಷ್ಟ್ರೀಯ ವಿಮಾನಗಳು ಕೊಲ್ಲಿ ದೇಶಗಳ ಕಡೆಗೆ. ಬ್ಯಾಗಿನ ವಿಷಯದಲ್ಲಿ ಒಂದು ಎಚ್ಚರಿಕೆ: ಮನೆಯಲ್ಲಿ ಕೋವಿ ಇದ್ದರೆ ಹಳೆಯ ಬ್ಯಾಗಿನ ಪ್ರತಿ ಜೇಬನ್ನೂ ತಡಕಿ. ಮರೆತ ಒಂದು ಕಾಡತೂಸು ಸ್ಕ್ಯಾನರಿನಲ್ಲಿ ಕಂಡರೆ ವಿಮಾನ ತಪ್ಪುತ್ತದೆ, ಪೊಲೀಸ್ ಕೇಸ್ ಬೇರೆ. ಕೋವಿ ಪರವಾನಗಿಯಿಂದ ಕೊಡಗಿನವರಿಗಿರುವ ವಿನಾಯಿತಿ ವಿಮಾನ ನಿಲ್ದಾಣದಲ್ಲಿ ನಡೆಯದು. ಪಂದಿ ಉಪ್ಪಿನಕಾಯಿ, ಹಸಿ ಕಾಫಿ ಬೀಜ, ಮೆಣಸಿನ ಬಳ್ಳಿ ಬೇಡ. ಹುರಿದು ಪುಡಿ ಮಾಡಿದ ಕಾಫಿ ಸ್ವಲ್ಪ ಇರಲಿ.

ವಿಮಾನ ಇಳಿಯುವ ಮೊದಲಿನ ಮೂರು ದಿನದೊಳಗೆ ಟಿಡಿಎಸಿ ಎಂಬ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ತಾಣ ನಕಲಿ. ಬೆಂಗಳೂರಿನ ಇಮಿಗ್ರೇಷನ್‌ನಲ್ಲಿ ಹೆಚ್ಚು ಪ್ರಶ್ನೆ ಕೇಳಿದರೆ ಬೇಸರಪಡಬೇಡಿ. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ನಂಬಿಸಿ ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆ ಕೇಂದ್ರಗಳಿಗೆ ನಮ್ಮ ಹುಡುಗರನ್ನು ಮಾರಿದ ಜಾಲ ದೊಡ್ಡದು. ಡಿಟಿವಿಯಲ್ಲಿ ಥಾಯ್ ಕಂಪನಿಗೆ ಕೆಲಸ ಮಾಡುವಂತಿಲ್ಲ. ‘ಅಲ್ಲಿ ಕೆಲಸ, ಡಿಟಿವಿ ನಾವೇ ಮಾಡಿಸುತ್ತೇವೆ’ ಎನ್ನುವವರ ಫೋನ್ ಅಲ್ಲಿಗೇ ಇಡಿ.

ಅಲ್ಲಿ ಮನೆ ಹಿಡಿಯುವಾಗ ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ ಸಾಮಾನ್ಯ. ಕರೆಂಟಿನ ಯೂನಿಟ್ ದರ ಮೊದಲೇ ಕೇಳಿ, ಕೆಲವು ಕಟ್ಟಡದವರು ಸರ್ಕಾರಿ ದರದ ಹತ್ತಿರಹತ್ತಿರ ಎರಡರಷ್ಟು ಹಾಕುತ್ತಾರೆ. ಎಸಿ ಇಟ್ಟುಕೊಂಡು ಕೆಲಸ ಮಾಡುವವರಿಗೆ ಅದು ಸಣ್ಣ ಮೊತ್ತವಲ್ಲ. ನೀವು ಬಂದ 24 ಗಂಟೆಯೊಳಗೆ ಮಾಲೀಕರು ಇಮಿಗ್ರೇಷನ್ ಕಚೇರಿಗೆ ಟಿಎಂ30 ಎಂಬ ವಾಸ್ತವ್ಯದ ವರದಿ ಕೊಡಬೇಕು, ಅದರ ರಸೀದಿ ಕೇಳಿ ಪಡೆಯಿರಿ. 90 ದಿನ ಸತತವಾಗಿದ್ದರೆ ಅಲ್ಲಿಗೇ ಕೊಡಬೇಕಾದ ಟಿಎಂ47 ಎಂಬ ವಿಳಾಸದ ವರದಿ ನಿಮ್ಮದೇ ಹೊಣೆ. 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಕೊಡಬಹುದು. 180 ದಿನ ಮೀರಿದರೆ ದಿನಕ್ಕೆ 500 ಬಾತ್ ದಂಡ.

ಬ್ಯಾಂಕ್ ಒಟಿಪಿ ಬರುವ ಸಿಮ್‌ಗೆ ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ರೀಚಾರ್ಜ್ ಸಾಯಲು ಬಿಡಬೇಡಿ. ಅಲ್ಲಿನ ಎಟಿಎಂ ಪ್ರತಿ ಸಲವೂ 220 ಬಾತ್ ಆಸುಪಾಸು ಕಡಿಯುವುದರಿಂದ ಒಮ್ಮೆಗೇ ಹೆಚ್ಚು ತೆಗೆಯಿರಿ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ: ಬೆಂಗಳೂರಿನ ಹತ್ತು ಗಂಟೆಯ ಮೀಟಿಂಗ್ ಅಲ್ಲಿ ಹನ್ನೊಂದೂವರೆಗೆ. ಅಮೆರಿಕದ ಕ್ಲೈಂಟ್ ಇರುವವರಿಗೆ ಮಾತ್ರ ರಾತ್ರಿ ಇನ್ನಷ್ಟು ಉದ್ದ.

ಸ್ಕೂಟರ್ ಬಾಡಿಗೆಗೆ ತೆಗೆಯುವ ಮನಸ್ಸಿದ್ದರೆ ಮಡಿಕೇರಿ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಅವಧಿ ಒಂದು ವರ್ಷ. ಅದರಲ್ಲಿ ದ್ವಿಚಕ್ರ ವಾಹನದ ವರ್ಗ ನಮೂದಾಗಿದೆಯೇ ನೋಡಿಕೊಂಡೇ ಕೌಂಟರ್ ಬಿಡಿ. ಬರೀ ಕಾರಿನ ಪರವಾನಗಿಯಲ್ಲಿ ಸ್ಕೂಟರ್ ಓಡಿಸಿ ಬಿದ್ದರೆ ಪ್ರಯಾಣ ವಿಮೆಯವರು ಆಸ್ಪತ್ರೆ ಬಿಲ್ ನಿರಾಕರಿಸುತ್ತಾರೆ.