ಗಾಳ ಎಸೆಯುವ ಕೈ ಮೊದಲು ಮೈದಾನದಲ್ಲಿ ಪಳಗಲಿ

ಮಲ್ಪೆ ಬ್ರೇಕ್‌ವಾಟರಿನ (ಅಲೆ ತಡೆಯುವ ಕಲ್ಲಿನ ಕಟ್ಟೆ) ಮೇಲೆ ಹೊಸ ರಾಡ್ (ಗಾಳದ ಕೋಲು) ಹಿಡಿದವರನ್ನು ನೋಡಿ. ಇಡೀ ಮೈ ತಿರುಗಿಸಿ ಬೀಸುತ್ತಾರೆ, ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಹೋಗಿ ಬೀಳುವುದು ಎದುರಿನ ಕಲ್ಲಿನ ಸಂದಿಗೆ. ತಪ್ಪು ತೋಳಿನದ್ದಲ್ಲ, ತೋರುಬೆರಳಿನದ್ದು. ಅದನ್ನು ತಿದ್ದಲು ಕಡಲೇ ಬೇಕೆಂದಿಲ್ಲ, ಹುಲ್ಲಿನ ಮೈದಾನ ಸಾಕು. ಕೊಯ್ಲಾದ ಗದ್ದೆ ಬೇಡ, ಲೈನ್ (ಗಾಳದ ದಾರ) ಕೂಳೆಗೆ ಸಿಕ್ಕಿಕೊಂಡು ಹೈರಾಣಾಗುತ್ತೀರಿ.

9 ಅಡಿಯ, 10ರಿಂದ 30 ಗ್ರಾಂ ತೂಕ ಎಸೆಯುವ ಸ್ಪಿನ್ನಿಂಗ್ ರಾಡ್, ಲೈನ್ ಸುತ್ತುವ 4000 ಸೈಜಿನ ರೀಲ್, 20 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ ಲೈನ್) ನಮ್ಮ ದಂಡೆಗೂ ಅಳಿವೆಗೂ ಆಗುತ್ತದೆ. ರೀಲಿನಲ್ಲಿ ಲೈನ್ ಸುತ್ತಿಕೊಳ್ಳುವ ಗಾಲಿಯೇ ಸ್ಪೂಲ್. ಸ್ಪೂಲಿನ ಅಂಚಿಗಿಂತ 2 ಮಿ.ಮೀ. ಕೆಳಗಿನವರೆಗೆ ಮಾತ್ರ ಲೈನ್ ತುಂಬಿಸಿ. ಹೆಚ್ಚಾದರೆ ಸುರುಳಿ ಸುರುಳಿಯಾಗಿ ಜಾರಿ ಸಿಕ್ಕಾಗುತ್ತದೆ, ಕಡಿಮೆಯಾದರೆ ಅಂಚಿಗೆ ಉಜ್ಜಿ ದೂರ ಹೋಗದು. ಕಲಿಯುವಾಗ 30 ಪೌಂಡಿನ ಲೀಡರ್ (ಬ್ರೇಡಿನ ತುದಿಗೆ ಕಟ್ಟುವ ಗಟ್ಟಿ ಲೈನ್) 50 ಸೆಂ.ಮೀ. ಸಾಕು. ಅದರ ಗಂಟು ರಾಡಿನ ತುದಿಯ ರಿಂಗಿನ ಹೊರಗೇ ಇದ್ದರೆ ಎಸೆಯುವಾಗ ತಡೆಯುವುದಿಲ್ಲ. ಲೂರ್ ಬದಲು 20 ಗ್ರಾಂ ಸೀಸ ಕಟ್ಟಿ. ಗಾಳ ಬೇಡವೇ ಬೇಡ.

ರೀಲಿನ ಕಾಲು ಬಲಗೈಯ ನಡುಬೆರಳು, ಉಂಗುರಬೆರಳುಗಳ ನಡುವೆ ಬರಲಿ. ಸೀಸ ರಾಡಿನ ತುದಿಯಿಂದ 60 ಸೆಂ.ಮೀ. ಇಳಿದಿರಲಿ. ಲೈನ್ ರೋಲರ್ (ರೀಲಿನಲ್ಲಿ ಲೈನ್ ಹಾಯುವ ಚಿಕ್ಕ ಉರುಳೆ) ರಾಡಿನ ಹತ್ತಿರಕ್ಕೆ ಬರುವಂತೆ ರೀಲಿನ ಹಿಡಿ ತಿರುಗಿಸಿ, ಲೈನನ್ನು ತೋರುಬೆರಳಿನ ತುದಿಯಿಂದ ಎತ್ತಿ ಹಿಡಿದು, ಎಡಗೈಯಿಂದ ಬೇಲ್ (ಲೈನನ್ನು ಸ್ಪೂಲಿಗೆ ಸುತ್ತುವ ತಂತಿಯ ಕಮಾನು) ತೆರೆಯಿರಿ. ಬೆರಳಿನ ಗೆಣ್ಣಿಗೆ ಸುತ್ತಿಕೊಳ್ಳಬೇಡಿ, ಬಿಡುವುದು ತಡವಾಗುತ್ತದೆ, ಬ್ರೇಡ್ ಚರ್ಮವನ್ನೂ ಕೊಯ್ಯುತ್ತದೆ. ಹಿಂದೆ ಯಾರೂ ಇಲ್ಲವೆಂದು ತಿರುಗಿ ನೋಡಿ. ಆಮೇಲೆ ರಾಡನ್ನು ಹೆಗಲ ಹಿಂದಕ್ಕೆ ಒಯ್ದು, ಬಲಗೈ ಮುಂದಕ್ಕೆ ತಳ್ಳಬೇಕು, ಅದೇ ಹೊತ್ತಿಗೆ ಎಡಗೈ ರಾಡಿನ ಬುಡವನ್ನು ಎದೆಯ ಕಡೆಗೆ ಎಳೆಯಬೇಕು. ಹೊಸಬರು ಮರೆಯುವುದು ಈ ಎಡಗೈಯನ್ನೇ. ರಾಡ್ ಬಾಗಿ ಸ್ಪ್ರಿಂಗಿನಂತೆ ಚಿಮ್ಮುವುದು ಆ ಎಳೆತದಿಂದ. ನಿಧಾನಕ್ಕೆ ಶುರು ಮಾಡಿ, ಕೊನೆಗೆ ವೇಗ ಕೊಡಿ. ರಾಡ್ ನೆತ್ತಿ ದಾಟಿ ಸ್ವಲ್ಪ ಮುಂದೆ ಬಂದಾಗ ಬೆರಳು ಬಿಡಿ, ಸುಮಾರು 45 ಡಿಗ್ರಿಯಲ್ಲಿ ರಾಡನ್ನು ನಿಲ್ಲಿಸಿ. ಸೀಸ ಆಕಾಶ ನೋಡಿದರೆ ಬೇಗ ಬಿಟ್ಟಿರಿ, ಕಾಲಬುಡಕ್ಕೆ ಬಡಿದರೆ ತಡವಾಯಿತು.

ಎಸೆದ ಮೇಲೂ ಕೆಲಸ ಉಂಟು. ಸೀಸ ನೆಲ ಮುಟ್ಟುವ ಮುಂಚೆ ತೋರುಬೆರಳನ್ನು ಸ್ಪೂಲಿನ ಅಂಚಿಗೆ ಮೆಲ್ಲ ತಾಗಿಸಿ ಲೈನಿನ ಓಟ ತಡೆಯಿರಿ. ಬೇಲನ್ನು ಕೈಯಿಂದಲೇ ಮುಚ್ಚಿ, ಲೈನನ್ನು ಒಮ್ಮೆ ಜಗ್ಗಿ ಬಿಗಿ ಮಾಡಿ ಆಮೇಲೆ ಸುತ್ತಿ. ಹಿಡಿ ತಿರುಗಿಸಿಯೇ ಬೇಲ್ ಮುಚ್ಚುವ ಚಾಳಿಯವರಿಗೆ ಗಾಳಿಯ ದಿನ ಗಂಟು ತಪ್ಪಿದ್ದಲ್ಲ: ಸಡಿಲ ಲೈನ್ ಸ್ಪೂಲಿನೊಳಗೆ ಉಂಗುರವಾಗಿ ಕೂತು, ಮುಂದಿನ ಎಸೆತದಲ್ಲಿ ಗುಂಪಾಗಿ ಹೊರಬರುತ್ತದೆ. ಅಂಥ ಗಂಟನ್ನು ಎಳೆಯಬೇಡಿ, ಸೇಫ್ಟಿ ಪಿನ್ನಿನ ಮೊನೆಯಿಂದ ಒಂದೊಂದೇ ಎಳೆ ಸಡಿಲಿಸಿ.

25 ಮೀಟರ್ ದೂರದಲ್ಲಿ ಹಳೆಯ ಗೆರಸೆ ಇಟ್ಟು, ಹತ್ತು ಎಸೆತದಲ್ಲಿ ಏಳು ಅದರ ಒಂದು ಮೀಟರಿನೊಳಗೆ ಬೀಳುವ ತನಕ ಗಾಳ ಕಟ್ಟಬೇಡಿ.

ನೀರಿನಲ್ಲಿ ಮೊದಲ ಸಲ ಎಸೆಯಲು, ಹೊಳೆ ಕಡಲು ಸೇರುವ ಕೋಡಿ ಬೇಂಗ್ರೆಯ ಹೊಳೆಬದಿ ಒಳ್ಳೆಯದು. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ. ಎದುರುಗಾಳಿಯಿದ್ದರೆ ತುಸು ತಡವಾಗಿ ಬಿಟ್ಟು ತಗ್ಗಿನಲ್ಲೇ ಎಸೆಯಿರಿ. ಮಳೆಗಾಲದಲ್ಲಿ ಕಾಪುವಿನ ಬಂಡೆ ಹತ್ತಬೇಡಿ, ಪಾಚಿ ಜಾರುತ್ತದೆ. ಮನೆಗೆ ಬಂದು ಡ್ರ್ಯಾಗ್ (ಮೀನು ಎಳೆದಾಗ ಲೈನ್ ಎಷ್ಟು ಬಿಗಿಯಾಗಿ ಬಿಡಬೇಕೆಂದು ಹೊಂದಿಸುವ ತಿರುಪು) ಬಿಗಿದು ರೀಲಿಗೆ ಸಿಹಿನೀರು ಚಿಮುಕಿಸಿ, ಒರೆಸಿ, ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿಡಿ.